ಮಳೆಯನ್ನು ಮರೆತ ಓರಣ

ಮನೆಯಲ್ಲಿ ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಹೊರಹಾಕಬೇಕು? ದೀಪಾವಳಿಗೆ ಮುಂಚಿನ ವಾರ ಏಳುವ ಈ ಜಗಳವನ್ನು ಒಂದು ಪುಸ್ತಕವಾಗಿಸಿ ಲೋಕವೆಲ್ಲ ಓದುವಂತೆ ಮಾಡಿದವರು ಜಪಾನಿನ ಮರಿಯೆ ಕೊಂಡೊ. ಅವರ 'ದ ಲೈಫ್ ಚೇಂಜಿಂಗ್ ಮ್ಯಾಜಿಕ್ ಆಫ್ ಟೈಡಿಯಿಂಗ್ ಅಪ್' 2014ರಲ್ಲಿ ಇಂಗ್ಲಿಷಿಗೆ ಬಂತು, 2019ರಲ್ಲಿ ನೆಟ್‌ಫ್ಲಿಕ್ಸ್ ಸರಣಿ ಬಂತು. ಬೆಂಗಳೂರಿನ ಅಪಾರ್ಟ್‌ಮೆಂಟುಗಳನ್ನು ದಾಟಿದ ಈ ಪದ್ಧತಿ ಈಗ ಸಕಲೇಶಪುರ, ಆಲೂರು ಸೀಮೆಯ ಹಳೆ ಮನೆಗಳ ಅಟ್ಟಕ್ಕೂ ಏಣಿ ಹಾಕಿದೆ. ರಜೆಗೆ ಬಂದ ಮಕ್ಕಳು 'ಇದೆಲ್ಲ ಯಾಕಮ್ಮಾ ಇಟ್ಕೊಂಡಿದ್ದೀಯ' ಎನ್ನುತ್ತಾರೆ. ಈ ಪದ್ಧತಿಯನ್ನು ಟೋಕಿಯೊದ ಪುಟ್ಟ ಕೋಣೆಯಲ್ಲಿ ಅಳೆದರೆ ಒಂದು ಬೆಲೆ. ಸಕಲೇಶಪುರ ಸೀಮೆಯ ಎಡಕುಮೇರಿ ಘಾಟಿಯಲ್ಲಿ ಅಳೆದರೆ ಇನ್ನೊಂದು.

ಪದ್ಧತಿ ಸರಳ. ಕೋಣೆ ಕೋಣೆಯಾಗಿ ಅಲ್ಲ, ಬಗೆ ಬಗೆಯಾಗಿ ಶುಚಿ ಮಾಡಬೇಕು: ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಕೊನೆಗೆ ನೆನಪಿನ ವಸ್ತುಗಳು. ಒಂದು ಬಗೆಯದ್ದೆಲ್ಲವನ್ನೂ ಒಂದೆಡೆ ಗುಡ್ಡೆ ಹಾಕಿ, ಒಂದೊಂದನ್ನೂ ಕೈಗೆತ್ತಿಕೊಂಡು, ಮನಸ್ಸಿಗೆ ಖುಷಿ ಕೊಟ್ಟರೆ ಉಳಿಸುವುದು, ಇಲ್ಲವಾದರೆ ಕೃತಜ್ಞತೆ ಹೇಳಿ ಬೀಳ್ಕೊಡುವುದು. ಉಳಿದದ್ದಕ್ಕೆಲ್ಲ ಒಂದೊಂದು ನೆಲೆ.

ಇದರಲ್ಲಿ ಗಟ್ಟಿಯಾದದ್ದು ಇದೆ. ಇರುವುದೆಲ್ಲ ಒಂದೇ ರಾಶಿಯಾಗಿ ಕಣ್ಣಿಗೆ ಬಿದ್ದಾಗಲೇ ನಮ್ಮಲ್ಲಿ ಎಷ್ಟಿದೆ ಎಂಬ ಅರಿವು ಹುಟ್ಟುತ್ತದೆ. ನಾಲ್ಕು ಕಡೆ ಹಂಚಿಹೋದ ಕತ್ತಿ, ಕೊಡಲಿ, ಗರಗಸ ಅಂಗಳದಲ್ಲಿ ಒಟ್ಟುಗೂಡಿದರೆ, ಐದನೆಯ ಕತ್ತಿಯನ್ನು ಸಂತೆಯಿಂದ ತಂದದ್ದು ದಂಡವೆಂದು ಯಾರೂ ಹೇಳಬೇಕಾಗಿಲ್ಲ. ನೆನಪಿನ ವಸ್ತುಗಳನ್ನು ಕಡೆಗೆ ಇರಿಸಿದ್ದೂ ಜಾಣತನ. ಹಳೆ ಫೋಟೊ ಆಲ್ಬಮ್ಮಿನಿಂದ ಆರಂಭಿಸಿದವರ ಕೆಲಸ ಮಧ್ಯಾಹ್ನದೊಳಗೆ ನಿಂತುಹೋಗುತ್ತದೆ. ವಸ್ತುವಿಗೆ ಕೃತಜ್ಞತೆ ಹೇಳುವ ಮಾತನ್ನು ಗೇಲಿ ಮಾಡಿದವರಿದ್ದಾರೆ. ಆಯುಧಪೂಜೆಯ ದಿನ ಗುದ್ದಲಿ ತೊಳೆದು ಕುಂಕುಮ ಇಡುವ ನಾವು ಆ ಗೇಲಿಗೆ ಸೇರಬೇಕಾಗಿಲ್ಲ.

ತೊಡಕು ಇರುವುದು ಅಳತೆಗೋಲಿನಲ್ಲಿ. ಕೊಂಡೊ ಪ್ರತಿ ವಸ್ತುವನ್ನೂ ಈ ಕ್ಷಣದ ಮನಸ್ಸಿನಿಂದ ತೂಗುತ್ತಾರೆ. ಓರಣದ ಬೇರೆ ಸಲಹೆಗಾರರು ಇನ್ನೂ ಒರಟಾಗಿ, 'ವರ್ಷದಿಂದ ಮುಟ್ಟದ್ದನ್ನು ಎಸೆಯಿರಿ' ಎನ್ನುತ್ತಾರೆ. ಎಡಕುಮೇರಿಯ ರೈಲುದಾರಿಯನ್ನೇ ಈ ಗೋಲಿನಿಂದ ಅಳೆಯೋಣ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಮೀಟರ್‌ಗೇಜ್ ದಾರಿಯಾಗಿ 1979ರಲ್ಲಿ ತೆರೆದ ಇದನ್ನು ಗೇಜ್ ಪರಿವರ್ತನೆಗೆಂದು 1996ರಲ್ಲಿ ಮುಚ್ಚಲಾಯಿತು. ಗೂಡ್ಸ್ ಗಾಡಿ ಮತ್ತೆ ಹತ್ತಿದ್ದು 2006ರಲ್ಲಿ. ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ನಡುವಿನ ಹತ್ತು ವರ್ಷ ಒಂದು ರೈಲೂ ಓಡದ ದಾರಿ ಯಾರ ಮನಸ್ಸಿಗೂ ಖುಷಿ ಕೊಟ್ಟಿರಲಾರದು. ಆದರೂ ಮಂಗಳೂರು ಬಂದರಿಗೂ ಬೆಂಗಳೂರಿಗೂ ಇಂದು ಗಾಡಿ ಓಡುತ್ತಿರುವುದು ಆ ಸುರಂಗಗಳ ಒಳಗೇ.

ಇನ್ನೂ ಹತ್ತಿರದ ಉದಾಹರಣೆ ಮುಂಗಾರಿನ ದಾಸ್ತಾನು. ಮಳೆಗೆ ಮುಂಚೆ ಬಂಡೆಗಲ್ಲು, ಮರಳುಚೀಲಗಳನ್ನು ಕುಸಿಯುವ ಜಾಗಗಳಿಗೆ ಹತ್ತಿರದಲ್ಲಿ ಕೂಡಿಡುವುದು ರೈಲ್ವೆಯ ಹಳೆಯ ಶಿಸ್ತು. ಬೇಸಿಗೆಯಲ್ಲಿ ನೋಡಿದರೆ ಅದು ಹಳಿಯ ಪಕ್ಕ ಬಿದ್ದ ರಾಶಿ. 2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿಹೋಯಿತು. ರಸ್ತೆ ಸಂಪರ್ಕವೇ ಸರಿಯಿಲ್ಲದ ಕಾಡಿನಲ್ಲಿ, ಸುರಿಮಳೆಯಲ್ಲಿ, ಕಲ್ಲು ಮರಳುಚೀಲಗಳಿಂದ ಇಳಿಜಾರು ಕಟ್ಟಿ ಆಗಸ್ಟಿನಲ್ಲಿ ರೈಲು ಬಿಡಬೇಕಾಯಿತು. ಅಂಥ ದಿನ ಬೇಕಾಗುವ ಕಲ್ಲನ್ನು ಅಂಥ ದಿನವೇ ಹುಡುಕಿಕೊಂಡು ಹೋಗಲಾಗುವುದಿಲ್ಲ.

ಘಾಟಿಯ ಮೇಲಿನ ಮನೆಗಳೂ ಇದೇ ತರ್ಕದಿಂದ ತುಂಬಿವೆ. ಕಾಫಿ ಕುಯ್ಲು ಮುಗಿದ ಮೇಲೆ ಗೋಣಿಚೀಲ, ಟಾರ್ಪಾಲು ತಿಂಗಳುಗಟ್ಟಲೆ ಮಡಿಚಿ ಕೂತಿರುತ್ತವೆ. ಮೆಣಸು ಕೊಯ್ಯುವ ಏಣಿಗೆ ವರ್ಷದಲ್ಲಿ ಕೆಲವೇ ವಾರ ಕೆಲಸ. ಕಂಬಳಿ, ಗೊರಬು, ಸೀಮೆಎಣ್ಣೆ ಬುಡ್ಡಿ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿಯುತ್ತಿರುವ ಸೌದೆ ಏಪ್ರಿಲ್‌ನಲ್ಲಿ ಕಸದಂತೆ ಕಾಣುತ್ತವೆ. ಆಷಾಢದಲ್ಲಿ ಮರ ಬಿದ್ದು ಕರೆಂಟು ಹೋಗಿ, ದಾರಿ ಮುಚ್ಚಿದಾಗ ಅವೇ ಸಂಸಾರ ನಡೆಸುತ್ತವೆ. ಟಾಯ್ಲೆಟ್ ಪೇಪರನ್ನು ಎಂಬತ್ತು ಸುರುಳಿಯಷ್ಟು ಕೂಡಿಟ್ಟವರ ಕಥೆಯನ್ನು ಕೊಂಡೊ ಬೆರಗಿನಿಂದ ಹೇಳುತ್ತಾರೆ. ಬಟ್ಟೆಯ ಜೊತೆ ಬರುವ ಹೆಚ್ಚುವರಿ ಗುಂಡಿಯನ್ನೂ ಬಿಸಾಡಿ ಎನ್ನುತ್ತಾರೆ. ಬೀದಿ ತಿರುವಿನಲ್ಲಿ ಅಂಗಡಿ ಇರುವವರ ಧೈರ್ಯ ಅದು. ಪುಸ್ತಕ ಹೇಳದೆ ಬಿಟ್ಟ ಷರತ್ತೂ ಅದೇ: ಎಸೆದದ್ದು ಬೇಕಾದಾಗ ಮತ್ತೆ ಕೊಳ್ಳಲು ದುಡ್ಡೂ ದಾರಿಯೂ ಇರಬೇಕು.

ಕಾಗದಪತ್ರದ ಅಧ್ಯಾಯ ಇದಕ್ಕಿಂತ ಅಪಾಯದ್ದು. 'ಎಲ್ಲವನ್ನೂ ಎಸೆಯುವುದೇ ಮೂಲನಿಯಮ' ಎಂದು ಶುರುಮಾಡುವ ಕೊಂಡೊ, ಖಾಯಂ ಇಡಬೇಕಾದವಕ್ಕೆ ವಿನಾಯಿತಿ ಕೊಡುತ್ತಾರೆ, ನಿಜ. ಆದರೆ ಯಾವುದು ಖಾಯಂ ಎಂದು ನಮ್ಮಲ್ಲಿ ಮೊದಲೇ ಬಲ್ಲವರು ಯಾರು? ಗೊರೂರಿನಲ್ಲಿ ಹೇಮಾವತಿಗೆ ಕಟ್ಟೆ ಕಟ್ಟಿದಾಗ ಆಲೂರು, ಸಕಲೇಶಪುರ ಸೀಮೆಯ ಊರುಗಳೂ ಮುಳುಗಿದವು. ಮುಳುಗಡೆ ಕುಟುಂಬಕ್ಕೆ ಬದಲಿ ಜಮೀನಿನ ಹಕ್ಕು ನಿಂತಿರುವುದು ಟ್ರಂಕಿನ ತಳದ ಹಳದಿಯಾದ ಚೀಟಿಯ ಮೇಲೆ. ಬಗರ್‌ಹುಕುಂ ಸಾಗುವಳಿದಾರ ಜಮೀನಿನ ಸಕ್ರಮಕ್ಕೆ ಹಾಕಿದ ನಮೂನೆ 50, 53, 57ರ ಅರ್ಜಿಗಳ ಸ್ವೀಕೃತಿಗಳನ್ನು ಜೋಪಾನ ಮಾಡಬೇಕು. ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಒದಗಿಸಬೇಕು. ಆ ಲೆಕ್ಕ 1930ಕ್ಕೆ ಹೋಗಿ ಮುಟ್ಟುತ್ತದೆ. ಅಜ್ಜ ಕಟ್ಟಿದ ಕಂದಾಯದ ರಸೀದಿಯನ್ನು ಅಪ್ಪ ಖುಷಿಯ ತಕ್ಕಡಿಯಲ್ಲಿ ತೂಗಿದ್ದರೆ ಮೊಮ್ಮಗನ ಅರ್ಜಿ ವಜಾ ಆಗಬಹುದಿತ್ತು. ಇಷ್ಟು ಹಳೆಯ ಪುರಾವೆ ಕೇಳುವ ಸರ್ಕಾರ ಇರುವಲ್ಲಿ ಮನೆಯವರು ಕಾಗದ ಕೂಡಿಡುವುದನ್ನು ಮನೋರೋಗ ಎನ್ನಲಾಗದು.

ಎಸೆದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಪುಸ್ತಕ ಕೇಳುವುದಿಲ್ಲ. ಕಸವನ್ನು ಬಗೆಬಗೆಯಾಗಿ ವಿಂಗಡಿಸಿ ಹೊತ್ತೊಯ್ಯುವ ಜಪಾನಿನ ನಗರಾಡಳಿತ ಅದರ ಬೆನ್ನಿಗಿದೆ. ಮಲೆನಾಡಿನ ಒಂಟಿಮನೆಗೆ ಕಸದ ಗಾಡಿ ಬರುವುದು ಅಪರೂಪ. ಅಲ್ಲಿ ಹೊರಹಾಕುವುದೆಂದರೆ ತೋಟದ ಅಂಚಿನ ಕೊರಕಲಿಗೆ ಸುರಿಯುವುದು, ಇಲ್ಲವೇ ಸುಡುವುದು. ಕೊರಕಲಿಗೆ ಬಿದ್ದದ್ದನ್ನು ಮೊದಲ ಮಳೆ ಹಳ್ಳಕ್ಕೆ ತಳ್ಳುತ್ತದೆ. ರೈಲುಹಳಿಯ ಮೇಲೆ ನಡೆಯಬಾರದೆಂಬ ನಿಷೇಧವನ್ನೂ ಮೀರಿ ಎಡಕುಮೇರಿ ಚಾರಣಕ್ಕೆ ಬಂದವರು ಹಗುರವಾಗಲೆಂದು ಬಿಟ್ಟುಹೋದ ಬಾಟಲಿ, ಪೊಟ್ಟಣಗಳಿಗೂ ಅದೇ ಗತಿ. ಒಬ್ಬರ ಹೆಗಲು ಹಗುರವಾದದ್ದಕ್ಕೆ ಕಾಡು ಭಾರ ಹೊರಬೇಕಾಗಿದೆ.

ಇಷ್ಟು ಹೇಳಿದ ಮೇಲೆ ನಮ್ಮ ಅಟ್ಟಗಳನ್ನು ಹೊಗಳುವಂತಿಲ್ಲ. 'ಇರಲಿ ಬಿಡು, ಬೇಕಾಗುತ್ತೆ' ಎಂಬ ಮಾತಿನ ನೆರಳಲ್ಲಿ ಒಡೆದ ಪ್ಲಾಸ್ಟಿಕ್ ಕೊಡ, ಸತ್ತ ಮಿಕ್ಸಿ, ಮುಗಿದುಹೋದ ಕೀಟನಾಶಕದ ಡಬ್ಬಿಗಳೂ ಬದುಕಿಕೊಂಡಿವೆ. ಮೂರು ತಿಂಗಳ ಜಡಿಮಳೆಯಲ್ಲಿ ಗಾಳಿಯಾಡದ ರಾಶಿಗೆ ಬೂಸ್ಟು ಹಿಡಿಯುತ್ತದೆ, ಗೆದ್ದಲು ಏರುತ್ತದೆ. ಇಲಿ ಸೇರಿದಲ್ಲಿ ಹಾವೂ ಸೇರುತ್ತದೆ. ಇಡಬೇಕಾದ ಕಾಗದ ಹಾಳಾಗುವುದೂ ಬೇಡದ ಕಾಗದದ ರಾಶಿಯ ನಡುವೆ ಸಿಕ್ಕಿಯೇ. ಕೂಡಿಡುವ ತೀರ್ಮಾನ ಹೆಚ್ಚಾಗಿ ಗಂಡಸಿನದು. ಧೂಳು ಹೊಡೆದು, ಬಿಸಿಲಿಗೆ ಹಾಕಿ, ಒಳಗೆ ತರುವ ದುಡಿಮೆ ಹೆಂಗಸಿನದು. ಮೂರನೆಯ ಮಗುವಾದ ಮೇಲೆ ಮನೆಯ ಓರಣವನ್ನು ಬಹುಮಟ್ಟಿಗೆ ಕೈಬಿಟ್ಟಿದ್ದೇನೆಂದು ಕೊಂಡೊ ಅವರೇ 2023ರಲ್ಲಿ ಹೇಳಿಕೊಂಡರು. ಪುಸ್ತಕದಲ್ಲಿ ಕಾಣದ ದುಡಿಮೆಯ ಲೆಕ್ಕ ಆ ಮಾತಿನಲ್ಲಿದೆ.

ಮಲೆನಾಡಿಗೆ ತನ್ನದೇ ಕ್ರಮ ಇಲ್ಲದಿಲ್ಲ. ಮೇ ತಿಂಗಳು ಒಳಗೆ ಸೇರಿಸುವ ಕಾಲ: ಸೌದೆ, ಹಪ್ಪಳ, ಉಪ್ಪಿನಕಾಯಿ, ಒಣಮೀನು. ನವರಾತ್ರಿ ಹೊರಗೆ ತೆಗೆಯುವ ಕಾಲ: ಮಳೆ ಹಿಂಜರಿದು ಬಿಸಿಲು ಬಿದ್ದಾಗ ಆಯುಧ, ಹಾಸಿಗೆ, ಪಾತ್ರೆಗಳೆಲ್ಲ ಅಂಗಳಕ್ಕೆ ಬರುತ್ತವೆ. ಒಂದೇ ಸಲಕ್ಕೆ ಮುಗಿಸಿಬಿಡಿ, ಮತ್ತೆ ಅಸ್ತವ್ಯಸ್ತವಾಗುವುದಿಲ್ಲ ಎನ್ನುವ ಕೊಂಡೊಗಿಂತ ವರ್ಷಕ್ಕೆರಡು ಸಲದ ಈ ಸುತ್ತು ಬದುಕಿಗೆ ಹತ್ತಿರ. ಅದರ ಕೊರತೆ ಒಂದೇ: ಹೊರಗೆ ಬಂದದ್ದೆಲ್ಲ ಪ್ರಶ್ನೆಯಿಲ್ಲದೆ ಮತ್ತೆ ಒಳಗೆ ಹೋಗುತ್ತದೆ.

ಹಾಗಾಗಿ ಕೊಂಡೊ ಅವರ ರಾಶಿ ಹಾಕುವ ಕ್ರಮವನ್ನು, ಪ್ರತಿ ವಸ್ತುವಿಗೂ ನೆಲೆ ಎಂಬ ನಿಯಮವನ್ನು ತೆಗೆದುಕೊಳ್ಳೋಣ. ಖುಷಿಯ ತಕ್ಕಡಿಯನ್ನು ಬಟ್ಟೆಯ ಬೀರುವಿಗಷ್ಟೇ ಬಿಡೋಣ. ಉಳಿದವಕ್ಕೆ ಕೇಳಬೇಕಾದ್ದು ಎರಡು: ಕಳೆದ ಮಳೆಗಾಲದಲ್ಲಿ ಇದು ಏನು ಮಾಡಿತು? ಮುಂದಿನ ಮಳೆಗಾಲದಲ್ಲಿ ಕೈಗೆ ಸಿಗದಿದ್ದರೆ ಏನಾದೀತು? ಎರಡಕ್ಕೂ ಉತ್ತರವಿಲ್ಲದ್ದು ಗುಜರಿಗೆ ಹೋಗಲಿ, ಕೊರಕಲಿಗೆ ಬೇಡ. ಕಾಗದಗಳನ್ನು ಮಾತ್ರ ಯಾವ ಉತ್ಸಾಹದಲ್ಲೂ ಎಸೆಯಬೇಡಿ. ಬಿಸಿಲಿಗೆ ಒಣಗಿಸಿ, ನಕಲು ತೆಗೆಸಿ, ಗಾಳಿ ನೀರು ಹೋಗದ ಡಬ್ಬಿಯಲ್ಲಿಟ್ಟು, ಅದು ಎಲ್ಲಿದೆಯೆಂದು ಮನೆಯ ಹೆಂಗಸರಿಗೂ ಮಕ್ಕಳಿಗೂ ಹೇಳಿ. ಈ ವರ್ಷದ ಆಯುಧಪೂಜೆಗೇ ಶುರುಮಾಡಬಹುದು.