ಅಂಕ ಏರಿತು, ಗಂಜಿಯ ಮಾತೇನು?

ನರ್ಸಿಂಗ್ ಎಂ.ಎಸ್ಸಿ ಪ್ರಬಂಧಗಳನ್ನು ಓದಿ ರೂಢಿಯಾದವರಿಗೆ ಶೀರ್ಷಿಕೆ ಕಂಡರೆ ಸಾಕು, ಫಲಿತಾಂಶ ಹೇಳಿಬಿಡಬಹುದು. ಆಯ್ದ ಆಸ್ಪತ್ರೆಗಳ ಮಧುಮೇಹಿಗಳ ಆಹಾರಜ್ಞಾನದ ಮೇಲೆ ಯೋಜಿತ ಬೋಧನೆಯ ಪರಿಣಾಮ! ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಶುರುವಾದ ಮೇಲೆ ಈ ಅಚ್ಚಿನವು ಎಷ್ಟು ಬಂದಿವೆಯೋ. ಮೊದಲು ಪ್ರಶ್ನಾವಳಿ, ಆಮೇಲೆ ಚಾರ್ಟು ಹಿಡಿದು ಪಾಠ, ಕೆಲವು ದಿನ ಬಿಟ್ಟು ಮತ್ತೆ ಅದೇ ಪ್ರಶ್ನಾವಳಿ. ಅಂಕ ಏರದೆ ಏನು ಮಾಡೀತು? ಪಾಠ ಕೇಳದ ಗುಂಪನ್ನು ಹೋಲಿಕೆಗೆ ಇಟ್ಟುಕೊಳ್ಳುವ ಶ್ರಮವನ್ನೂ ಹಲವರು ತೆಗೆದುಕೊಳ್ಳುವುದಿಲ್ಲ.

ಈ ಪ್ರಬಂಧಗಳಿಂದ ಆದ ಒಳ್ಳೆಯದೂ ಇದೆ. ವಾರ್ಡಿನಲ್ಲಿ ಹೋಗ್ತಾ ಬರ್ತಾ ಆಡುವ ಮಾತಾಗಿದ್ದ ಪಥ್ಯದ ಸಲಹೆ, ದಾದಿಯರು ತಾವೇ ಪರೀಕ್ಷಿಸಿ ನೋಡಬೇಕಾದ ಕೆಲಸವಾಯಿತು. ಆದರೆ ಅಳೆದದ್ದು ರೋಗಿಯ ನೆನಪಿನ ಶಕ್ತಿಯನ್ನು. ಬಟ್ಟಲಿಗೆ ಏನು ಬಿತ್ತು, ಅದರಿಂದ ಮೈಗೇನಾಯಿತು ಎಂಬುದನ್ನಲ್ಲ.

ಕುಂದಾಪುರದ ಕಡೆ ಡಿಸ್ಚಾರ್ಜ್ ಹೊತ್ತಿಗೆ ಬರುವ ಪ್ರಶ್ನೆ ಒಂದೇ: “ಸಿಸ್ಟ್ರೇ, ಗಂಜಿ ಉಂಬುಕಾತ್ತಾ?” ಕೈಗೆ ಸಿಗುವ ಹಾಳೆಯಲ್ಲಿ ಓಟ್ಸ್ ಇದೆ, ಸೇಬು ಇದೆ. ಕುಚ್ಚಲಕ್ಕಿ ಗಂಜಿ ಎಷ್ಟು ಸೌಟು, ಯಾವ ಹೊತ್ತಿಗೆ ಎಂಬುದಿಲ್ಲ. ಬೆಳಿಗ್ಗೆ ಏಳಕ್ಕೆ ಇನ್ಸುಲಿನ್ ಚುಚ್ಚಿಕೊಂಡು, ಬರೀ ಚಾ ಕುಡಿದು, ಹತ್ತಕ್ಕೆ ಗಂಜಿಗೆ ಕೂರುವವರಿಗೆ ನಡುವೆ ಸಕ್ಕರೆ ಕುಸಿದು ಬೆವರು, ನಡುಕ ಬರಬಹುದು. ‘ಸಿಹಿ ಬಿಡಿ’ ಎಂಬ ಉತ್ತರಕ್ಕೆ ಪೂರ್ತಿ ಅಂಕ ಪಡೆದವರೂ ಹೀಗೆ ಕುಸಿಯಬಹುದು.

ಗಂಜಿಯ ತಿಳಿನೀರಿನ ವಿಷಯ ಇನ್ನೂ ಸೂಕ್ಷ್ಮ. ಎಲ್ಲಕ್ಕಿಂತ ಸೌಮ್ಯ ಆಹಾರವೆಂದು ನಂಬಿ ಲಕ್ವ ಹೊಡೆದವರ ಬಾಯಿಗೂ ಅದನ್ನೇ ಹೊಯ್ಯುತ್ತೇವೆ. ನುಂಗುವ ಶಕ್ತಿ ಕುಂದಿದವರಿಗೆ ನೀರಿನಂಥ ದ್ರವವೇ ಹೆಚ್ಚು ಅಪಾಯ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ನುಂಗುವುದನ್ನು ಪರೀಕ್ಷಿಸಿ, ಬೇಕಾದಷ್ಟು ಮಂದ ಮಾಡಿ ಕೊಡಬೇಕು. ಎಳನೀರೂ ಹಾಗೆಯೇ: ಮೂತ್ರಪಿಂಡ ಸೋತವರಿಗೆ ಅದರ ಪೊಟ್ಯಾಸಿಯಮ್ ಹೃದಯದ ಬಡಿತವನ್ನೇ ತಪ್ಪಿಸಬಹುದು. ಇನ್ನು ಬಸಳೆ. ಹೃದಯದ ಕವಾಟ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರಿಗೆ ‘ಸೊಪ್ಪು ಮುಟ್ಟಬೇಡಿ’ ಎಂದುಬಿಡುವುದು ಸುಲಭ. ಹೇಳಬೇಕಾದ್ದು, ವಾರ ವಾರ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ ಎಂದು. ತಿಂಗಳುಗಟ್ಟಲೆ ಬಿಟ್ಟವರು ಚಪ್ಪರ ತುಂಬಿದಾಗ ದಿನಾ ಬಸಳೆ ಹುಳಿ ಉಂಡರೆ ಔಷಧದ ಲೆಕ್ಕವೇ ತಪ್ಪುತ್ತದೆ.

1859ರ ತನ್ನ ಕೈಪಿಡಿಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಆಹಾರಕ್ಕೇ ಎರಡು ಅಧ್ಯಾಯ ಕೊಟ್ಟಿದ್ದಳು. ರೋಗಿ ಎಷ್ಟು ಉಂಡ, ಯಾವ ಹೊತ್ತಿಗೆ ಉಂಡ ಎಂದು ಗಮನಿಸುವುದು ದಾದಿಯ ಕೆಲಸವೆಂದೇ ಆಕೆ ತಿಳಿದದ್ದು. ನಮ್ಮ ಪ್ರಬಂಧಗಳ ಹಿನ್ನೆಲೆ ಪುಟಗಳಲ್ಲಿ ಆಕೆಯ ಹೆಸರಿಗೇನೂ ಕೊರತೆಯಿಲ್ಲ.

ಮಣಿಪಾಲದಲ್ಲಿ 1990ರಿಂದ ನರ್ಸಿಂಗ್ ಕಾಲೇಜಿದೆ. ಬ್ರಹ್ಮಾವರ ಅದರ ಮಗ್ಗುಲಲ್ಲೇ ಇದೆ, ಬೈಂದೂರು ಅದೇ ಜಿಲ್ಲೆಯ ಬಡಗು ತುದಿ. ಇವೆರಡರ ನಡುವಿನ ಗಂಗೊಳ್ಳಿಯಲ್ಲಿ ಬೆಳಕು ಹರಿಯುವ ಮೊದಲೇ ದೋಣಿ ಹತ್ತುವ ಮಧುಮೇಹಿಗಳು ಇನ್ಸುಲಿನ್ ಯಾವಾಗ ಚುಚ್ಚಿಕೊಳ್ಳುತ್ತಾರೆ, ಬುತ್ತಿ ಯಾವಾಗ ಬಿಚ್ಚುತ್ತಾರೆ, ಮೂರು ತಿಂಗಳಲ್ಲಿ ಎಷ್ಟು ಸಲ ತಲೆ ತಿರುಗಿತು: ಇದನ್ನು ಯಾರಾದರೂ ವಿದ್ಯಾರ್ಥಿನಿ ಬರೆದಿಟ್ಟರೆ, ಸಂಖ್ಯಾಶಾಸ್ತ್ರ ತುಸು ಸೊರಗಿದ್ದರೂ ಆ ಪ್ರಬಂಧವನ್ನು ಪೂರ್ತಿ ಓದುತ್ತೇನೆ.