ಕೊಡುಗೆ ಯಾರದು, ಮಕ್ಕಳು ಯಾರವರು?

ರಿಷಬ್ ಶೆಟ್ಟಿಯವರು ನಿರ್ದೇಶಿಸಿದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಿತ್ರ ತೆರೆಕಂಡದ್ದು 2018ರ ಆಗಸ್ಟ್ ತಿಂಗಳಲ್ಲಿ. ಶ್ರೇಷ್ಠ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಸಂದಿತು. ನಮ್ಮ ಅನೇಕ ಮನೆಗಳಲ್ಲಿ ಅದನ್ನು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದಾರೆ. ಬೇಸಿಗೆ ರಜೆಯಲ್ಲೊಮ್ಮೆ ಧರ್ಮಕೇಂದ್ರದ ಸಭಾಂಗಣದಲ್ಲಿ ಮಕ್ಕಳೊಡನೆ ಕುಳಿತು ನಾನೂ ನೋಡಿದೆ. ಮುಚ್ಚಿದ ಶಾಲೆಯ ಬಾಗಿಲು ತೆರೆದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಅವರಲ್ಲಿ ಸರ್ಕಾರಿ ಶಾಲೆಗೆ ಹೋಗುವವರು ಎಷ್ಟು ಮಂದಿ ಎಂದು ಕೇಳಿದೆ. ಮೇಲೆದ್ದ ಕೈಗಳು ಎರಡೇ. ಈ ಬರಹಕ್ಕೆ ಆ ಎರಡು ಕೈಗಳೇ ಕಾರಣ.

ಚಿತ್ರದ ಗುಣವನ್ನು ಮೊದಲು ಹೇಳಬೇಕು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಇಂಥ ಒಣ ವಿಷಯವನ್ನು ಚಿತ್ರವು ಮಕ್ಕಳ ತುಂಟತನದಲ್ಲಿ ಬೆರೆಸಿ, ಅನಂತನಾಗ್ ಅವರ ಹದವಾದ ಅಭಿನಯದ ಮೂಲಕ ಜನರ ಮನಸ್ಸಿಗೆ ಮುಟ್ಟಿಸಿತು. ಶಾಲೆ ಮಕ್ಕಳದು, ಇಲಾಖೆಯದಲ್ಲ ಎಂಬುದನ್ನು ಅದು ಉಪದೇಶವಿಲ್ಲದೆ ಹೇಳಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ಚಿತ್ರವು ನಮಗೆ ಒಂದು ಸುಲಭದ ಸಮಾಧಾನವನ್ನೂ ಕೊಡುತ್ತದೆ. ಅಲ್ಲಿ ಶಾಲೆಯ ಶತ್ರು ಹೊರಗಿನವನು, ಬೇರೆ ಭಾಷೆಯ ಅಧಿಕಾರಿ. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಅಂಥ ಅಧಿಕಾರಿ ಯಾರಿದ್ದಾರೆ? ಇಲ್ಲಿ ಸರ್ಕಾರಿ ಶಾಲೆಯನ್ನು ಬರಿದು ಮಾಡಿದ್ದು ಬೆಳಿಗ್ಗೆ ಎಂಟಕ್ಕೆ ಊರಬಾಗಿಲಿಗೆ ಬರುವ ಹಳದಿ ವ್ಯಾನು. ಅದನ್ನು ಕರೆಸಿದವರು ನಾವೇ.

ಹಾಗೆಂದು ಶಾಲೆ ಪೂರ್ತಿ ಖಾಲಿಯಾಗಿಲ್ಲ, ಅಲ್ಲಿ ಕೂರುವ ಮಕ್ಕಳು ಬದಲಾಗಿದ್ದಾರೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಪಡೆದ ಈ ಸೀಮೆಯ ಒಂದು ತರಗತಿಯನ್ನು ಹೊಕ್ಕು ನೋಡಿ. ರೇಷ್ಮೆ ನೂಲು ತೆಗೆಯುವ ಕೆಲಸಗಾರರ ಮಕ್ಕಳು, ಬೊಂಬೆ ಕಡೆಯುವವರ ಮಕ್ಕಳು ಅಲ್ಲಿದ್ದಾರೆ. ಅವರಲ್ಲಿ ಹಲವರ ಮನೆಮಾತು ಉರ್ದು. ಬೆಟ್ಟದಂಚಿನ ಇರುಳಿಗರ ಮಕ್ಕಳಿದ್ದಾರೆ. ಕಟ್ಟಡದ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳಿದ್ದಾರೆ. ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳನ್ನು ಹುಡುಕಿಕೊಂಡು ಬಿಹಾರ, ಒಡಿಶಾಗಳಿಂದ ಬಂದವರ ಮಕ್ಕಳೂ ಇದ್ದಾರೆ. ಹಿಂದೆ ಅದೇ ಮಣೆಯ ಮೇಲೆ ಶಾನುಭೋಗರ ಮಗನೂ ಪಟೇಲರ ಮಗನೂ ಕೂಲಿಯವನ ಮಗನೂ ಕೂಡುತ್ತಿದ್ದರು. ಈಗ ಮೊದಲಿನ ಇಬ್ಬರು ಎದ್ದುಹೋಗಿದ್ದಾರೆ.

ಚಿತ್ರದಲ್ಲಿ ಕನ್ನಡ ಬಾರದ ಶಿಕ್ಷಕರು ಮಲಯಾಳದಲ್ಲಿ ಪಾಠ ಹೇಳುವಾಗ ನಾವು ನಗುತ್ತೇವೆ. ಆ ದೃಶ್ಯವನ್ನು ತಿರುಗಿಸಿ ನೋಡಿ. ಬಿಡದಿಯ ಒಂದನೇ ತರಗತಿಯಲ್ಲಿ ಕನ್ನಡ ಬಾರದ ಮಗು ಕುಳಿತಿದೆ, ಶಿಕ್ಷಕಿ ಕನ್ನಡದಲ್ಲಿ ಪಾಠ ಹೇಳುತ್ತಿದ್ದಾರೆ. ಈಗ ನಗು ಬರುವುದೇ? ಮಾತೃಭಾಷೆಯ ನ್ಯಾಯ ನಮ್ಮ ಮಕ್ಕಳಿಗೆ ಮಾತ್ರವೆಂದರೆ ಅದು ಅಭಿಮಾನವಾದೀತು, ನ್ಯಾಯವಾಗಲಾರದು. ಚಿತ್ರವು ಈ ಹೊಸ್ತಿಲವರೆಗೆ ಬಂದು ನಿಂತುಬಿಡುತ್ತದೆ. ಆದರೂ ಆ ಮಗು ಎರಡು ವರ್ಷಗಳಲ್ಲಿ ಕನ್ನಡ ಕಲಿತು, ಅಂಗಡಿಯಲ್ಲಿ ತಾಯಿಗೆ ದುಭಾಷಿಯಾಗಿ ನಿಲ್ಲುವುದನ್ನು ನಾನು ಕಂಡಿದ್ದೇನೆ. ಇಂದು ಈ ಸೀಮೆಯಲ್ಲಿ ಕನ್ನಡ ಶಾಲೆಯನ್ನು ಉಳಿಸುತ್ತಿರುವವರಲ್ಲಿ ಕನ್ನಡ ಮನೆಮಾತಲ್ಲದ ಇಂಥ ಮಕ್ಕಳೂ ಸೇರಿದ್ದಾರೆಂಬುದನ್ನು ನಾವು ಕೃತಜ್ಞತೆಯಿಂದ ಒಪ್ಪಬೇಕು.

ಇದು ನಮ್ಮ ಊರಿನ ಕಥೆ ಮಾತ್ರವಲ್ಲ. ಅಮೆರಿಕದಲ್ಲಿ 1954ರ ನ್ಯಾಯಾಲಯದ ತೀರ್ಪು ಬಿಳಿಯ ಮತ್ತು ಕಪ್ಪು ಮಕ್ಕಳನ್ನು ಬೇರೆ ಬೇರೆ ಸಾರ್ವಜನಿಕ ಶಾಲೆಗಳಲ್ಲಿ ಕೂರಿಸುವುದು ಸಲ್ಲದೆಂದಿತು. ಬಾಗಿಲು ತೆರೆದಂತೆ ಅನೇಕ ಬಿಳಿಯ ಕುಟುಂಬಗಳು ಹೊರವಲಯದ ಬಡಾವಣೆಗಳಿಗೂ ಖಾಸಗಿ ಶಾಲೆಗಳಿಗೂ ಹೊರಟುಹೋದವು. ನಮ್ಮಲ್ಲಿ ಕೊಠಾರಿ ಆಯೋಗವು 1966ರಲ್ಲೇ ಎಲ್ಲ ವರ್ಗದ ಮಕ್ಕಳೂ ಕೂಡಿ ಕಲಿಯುವ ನೆರೆಹೊರೆಯ ಶಾಲೆಯನ್ನು ಸೂಚಿಸಿತ್ತು. ಆ ಮಾತು ಕಡತದಲ್ಲೇ ಉಳಿಯಿತು. ಕಾನೂನು ಬಾಗಿಲು ತೆರೆಯಬಲ್ಲದು, ಪಕ್ಕದಲ್ಲಿ ಕೂರುವ ಮನಸ್ಸನ್ನು ಕೊಡಲಾರದು.

ಇಲ್ಲಿ ನಮ್ಮ ಧರ್ಮಸಭೆಯ ಮಾತೂ ಬರುತ್ತದೆ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಒಂದೇ ದಿನ ಎರಡು ತೀರ್ಪುಗಳನ್ನಿತ್ತಿತು. ಒಂದು, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯ ಮಾಡಿದ್ದ ಕರ್ನಾಟಕದ ಆದೇಶವನ್ನು ತಳ್ಳಿಹಾಕಿತು. ಇನ್ನೊಂದು, ಅಲ್ಪಸಂಖ್ಯಾತರ ಶಾಲೆಗಳನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯಿಂದ ಹೊರಗಿಟ್ಟಿತು. ಬಡ ಮಕ್ಕಳಿಗೆ ಶೇಕಡಾ 25 ಸ್ಥಾನ ಕೊಡುವ ಹೊಣೆ ನಮ್ಮ ಶಾಲೆಗಳ ಮೇಲೆ ಬೀಳಲಿಲ್ಲ. ಆ ವಿನಾಯಿತಿಯನ್ನು ಮರುಪರಿಶೀಲಿಸಬೇಕೇ ಎಂಬ ಪ್ರಶ್ನೆಯನ್ನು 2025ರಲ್ಲಿ ಅದೇ ನ್ಯಾಯಾಲಯದ ದ್ವಿಸದಸ್ಯ ಪೀಠ ಎತ್ತಿತು. ನಮ್ಮ ಹಕ್ಕು ನಮಗಿರಲಿ, ಅದನ್ನು ಕಾಯುವುದು ಅಗತ್ಯವೇ. ಆದರೆ ಕಾನೂನು ಬಿಟ್ಟುಕೊಟ್ಟದ್ದನ್ನು ಶುಭಸಂದೇಶವೂ ಬಿಟ್ಟುಕೊಟ್ಟಿದೆಯೇ? ಹಿಂದೆ ಮಿಷನರಿಗಳು ಶಾಲೆ ತೆರೆದದ್ದು ಬೇರೆಲ್ಲೂ ಸ್ಥಳ ದೊರೆಯದ ಮಕ್ಕಳಿಗಾಗಿಯೂ ಅಲ್ಲವೇ?

ಕೊನೆಗೆ ಚಿತ್ರದ ಶೀರ್ಷಿಕೆಗೇ ಮರಳೋಣ. ‘ಕೊಡುಗೆ’ ಎಂಬ ಮಾತು ಅಲ್ಲಿ ಬರಿಯ ಅಲಂಕಾರವಲ್ಲ. ಇಂಥ ಹೆಸರುಗಳು ನಮ್ಮೂರ ಶಾಲೆಯ ಗೋಡೆಗಳ ಮೇಲೂ ಇವೆ. ಹಿಂದಿನವರು ಜಾಗ ಕೊಟ್ಟರು, ಅದರ ಜೊತೆಗೆ ತಮ್ಮ ಮಕ್ಕಳನ್ನೂ ಕೊಟ್ಟರು. ನಾವು ಇಂದು ಸುಣ್ಣಬಣ್ಣ ಕೊಡುತ್ತೇವೆ, ನೋಟ್ ಪುಸ್ತಕ ಹಂಚಿ ಫೋಟೋ ತೆಗೆಸಿಕೊಳ್ಳುತ್ತೇವೆ. ಮಕ್ಕಳನ್ನು ಮಾತ್ರ ಕೊಡುವುದಿಲ್ಲ. ಇಂಗ್ಲಿಷಿನ ಚಿಂತೆ ತಾಯ್ತಂದೆಯರಿಗೆ ಸಹಜ, ಅದನ್ನು ನಾನು ಹಳಿಯಲಾರೆ. ಆದರೆ ಒಂದೇ ಬೀದಿಯ ಮಕ್ಕಳು ಪರಸ್ಪರ ಹೆಸರು ತಿಳಿಯದೆ ಬೆಳೆದರೆ, ನಾಳೆ ಅವರು ಒಬ್ಬರನ್ನೊಬ್ಬರು ನೆರೆಯವರೆಂದು ಹೇಗೆ ಗುರುತಿಸಿಯಾರು?

ಆ ದಿನ ಕೈಯೆತ್ತಿದ ಇಬ್ಬರಲ್ಲಿ ಒಬ್ಬಳು, ಉಳಿದವರು ತನ್ನನ್ನೇ ನೋಡುತ್ತಿರುವುದನ್ನು ಕಂಡು ಕೈಯನ್ನು ಮೆಲ್ಲನೆ ಇಳಿಸಿಕೊಂಡಳು. ಆ ಕೈ ನಾಚದೆ ಮೇಲೇಳುವಂತಾಗಬೇಕು. ಚಿತ್ರಕ್ಕೆ ಚಪ್ಪಾಳೆ ತಟ್ಟಿದ ನಮ್ಮಲ್ಲಿ ಉಳಿದಿರುವ ಕೆಲಸ ಅದು.