ನೆಲದ ಶಕ್ತಿ, ನೆಲದ ನೀರು: ಉದ್ಯಾನವಿಚಾರದ ಒಂದು ವಿಮರ್ಶೆ

ತೋಟವನ್ನು ಭೂಮಿಯ ಶಕ್ತಿಗೆ ಹೊಂದಿಸಿ ರಚಿಸಬೇಕು, ಹಾಗೆ ರಚಿಸಿದಲ್ಲಿ ಮನೆಯವರಿಗೆ ಆಧ್ಯಾತ್ಮಿಕ ಸಾಮರಸ್ಯ ದೊರೆಯುತ್ತದೆ ಎಂಬ ಮಾತು ಈಚಿನ ವರ್ಷಗಳಲ್ಲಿ ಬಹಳವಾಗಿ ಕೇಳಿಬರುತ್ತಿದೆ. ವಾಸ್ತುವಿನ ಹೆಸರಿನಲ್ಲಿ ಬರೆಯುವವರು, ಚೀನೀಯರ ಫೆಂಗ್ ಶೂಯಿ ಪದ್ಧತಿಯ ಹೆಸರಿನಲ್ಲಿ ಬರೆಯುವವರು, ಪಶ್ಚಿಮ ದೇಶಗಳ ನವೀನ ಅಧ್ಯಾತ್ಮವಾದಿಗಳು, ಈ ಮೂವರೂ ಇಲ್ಲಿ ಒಂದೇ ಧ್ವನಿಯಲ್ಲಿ ಮಾತನಾಡುತ್ತಾರೆ. ನೆಲದೊಳಗೆ ಕಣ್ಣಿಗೆ ಕಾಣದ ಶಕ್ತಿರೇಖೆಗಳಿವೆ. ಮರ, ಕಲ್ಲು, ಕೊಳ ಇವುಗಳನ್ನು ಆ ರೇಖೆಗಳಿಗೆ ಅನುಗುಣವಾಗಿ ಇರಿಸಿದರೆ ಒಳಿತು, ಇಲ್ಲವಾದರೆ ಕೆಡುಕು ಎಂಬುದು ಅವರ ವಾದದ ಸಾರ. ಇದಕ್ಕೆ ಪ್ರಾಚೀನ ಶಾಸ್ತ್ರಗಳ ಸಮ್ಮತಿ ಉಂಟೆಂದೂ ಅವರು ಹೇಳುತ್ತಾರೆ. ಈ ಕಡೆಯ ಮಾತು ಪರಿಶೀಲನೆಗೆ ಅರ್ಹವಾದುದು. ಏಕೆಂದರೆ ಅಂಥ ಶಾಸ್ತ್ರಗಳಲ್ಲೊಂದು ನಮ್ಮ ಕನ್ನಡದಲ್ಲಿಯೇ ಇದೆ. ಅದನ್ನು ಓದದೆ ಅದರ ಹೆಸರಿನಲ್ಲಿ ನಡೆಯುವ ವ್ಯಾಪಾರವನ್ನು ನಾವು ಮೌನವಾಗಿ ನೋಡುತ್ತಿರುವುದು ಯುಕ್ತವಲ್ಲ.

ಆ ಗ್ರಂಥ ‘ಲೋಕೋಪಕಾರ’. ಕ್ರಿ.ಶ. 1025ರ ಸುಮಾರಿನ ಕೃತಿ. ಕರ್ತೃ ಇಮ್ಮಡಿ ಚಾವುಂಡರಾಯ. ಶ್ರವಣಬೆಳ್ಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ, ಈತ ಬೇರೆ. ಈತನಿಗೆ ಆಶ್ರಯದಾತನಾಗಿದ್ದವನು ಕಲ್ಯಾಣದ ಚಾಳುಕ್ಯ ವಂಶದ ಇಮ್ಮಡಿ ಜಯಸಿಂಹ. ಪಂಚಾಂಗ, ವಾಸ್ತು, ನೆಲದೊಳಗಿನ ನೀರನ್ನು ಕಂಡುಹಿಡಿಯುವ ಉದಕಾರ್ಗಲ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಪಾಕಶಾಸ್ತ್ರ, ವಿಷವೈದ್ಯ ಹೀಗೆ ಗೃಹಸ್ಥನಾದವನಿಗೆ ಬೇಕಾಗುವ ತಿಳಿವಳಿಕೆಯೆಲ್ಲವನ್ನೂ ಒಂದೆಡೆ ಕೂಡಿಸಿಕೊಡುವುದು ಕವಿಯ ಉದ್ದೇಶ. 2006ರಲ್ಲಿ ಈ ಗ್ರಂಥವನ್ನು ಇಂಗ್ಲಿಷಿನಲ್ಲಿ ಹೊರತಂದದ್ದು ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಷನ್. ಸುರಪಾಲನ ಸಂಸ್ಕೃತ ‘ವೃಕ್ಷಾಯುರ್ವೇದ’ವನ್ನು ನಳಿನಿ ಸಾಧಲೆಯವರ ಅನುವಾದದೊಡನೆ 1996ರಲ್ಲಿ ಪ್ರಕಟಿಸಿದ್ದೂ ಅದೇ ಸಂಸ್ಥೆಯೇ. ಎಂದರೆ ಸಾವಿರ ವರ್ಷದ ಕನ್ನಡ ಪುಸ್ತಕವೊಂದು ಲೋಕದ ಕೃಷಿವಿದ್ವಾಂಸರ ಕೈಗೆ ಹೋದದ್ದು ನಾವು ನೆಲೆಸಿರುವ ಈ ಅವಳಿನಗರದಿಂದಲೇ. ಇದರಲ್ಲಿ ಒಂದು ಔಚಿತ್ಯವೂ ಇದೆ. ಇಲ್ಲಿಗೆ ದೂರವಲ್ಲದ ಕೊಳನುಪಾಕ ಚಾಳುಕ್ಯರ ಕಾಲದಲ್ಲಿ ಕೊಲ್ಲಿಪಾಕೆ ನಾಡಿನ ರಾಜಧಾನಿಯಾಗಿತ್ತು. ಅಲ್ಲಿಯ ಕನ್ನಡ ಶಾಸನಗಳು ಇಂದಿಗೂ ಇವೆ. ಚಾವುಂಡರಾಯನಿಗೆ ಈ ಬಂಡೆಯ ನೆಲ ಪರದೇಶವಾಗಿರಲಿಲ್ಲ.

ಲೋಕೋಪಕಾರದ ನೀರಿನ ವಿಚಾರ, ಮರದ ವಿಚಾರಗಳೆರಡೂ ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯ ಪರಂಪರೆಗೆ ಸೇರಿದವು. ಆದುದರಿಂದ ಮೂಲವನ್ನು ಅಲ್ಲಿಯೇ ನೋಡುವುದು ಒಳ್ಳೆಯದು. ಸಂಹಿತೆಯಲ್ಲಿ ವಾಸ್ತು, ದಕಾರ್ಗಲ, ವೃಕ್ಷಾಯುರ್ವೇದ, ಪ್ರಾಸಾದಲಕ್ಷಣ ಈ ನಾಲ್ಕು ಅಧ್ಯಾಯಗಳು ಒಂದರ ಬಳಿಕ ಒಂದಾಗಿ ಬರುತ್ತವೆ. ಈ ಕ್ರಮ ಆಕಸ್ಮಿಕವೆಂದು ತೋರುವುದಿಲ್ಲ. ಮೊದಲು ಮನೆಯ ನೆಲ, ಬಳಿಕ ನೀರು, ಆ ಬಳಿಕ ಮರ, ಕಡೆಗೆ ದೇವಾಲಯ. ಪ್ರಾಸಾದಾಧ್ಯಾಯದ ಪ್ರಾರಂಭದಲ್ಲಿ ಆಚಾರ್ಯನು ಜಲಾಶಯವನ್ನೂ ತೋಟವನ್ನೂ ಸಿದ್ಧಗೊಳಿಸಿಯೇ ದೇವಾಲಯ ಕಟ್ಟಬೇಕೆನ್ನುತ್ತಾನೆ. ನೀರೂ ತೋಪೂ ಇರುವೆಡೆ ದೇವತೆಗಳು ಸಂತೋಷದಿಂದ ನೆಲಸುತ್ತಾರೆ ಎಂಬುದು ಅವನ ಅಭಿಪ್ರಾಯ. ದೈವವನ್ನು ಕರೆದು ತೋಟವನ್ನು ಪಾವನಗೊಳಿಸುವ ಮಾತಲ್ಲ ಇದು. ತೋಟವನ್ನು ಬೆಳೆಸಿ ದೈವಕ್ಕೆ ಎಡೆಮಾಡುವ ಮಾತು.

ದಕಾರ್ಗಲವೆಂಬ ಹೆಸರನ್ನೇ ಗಮನಿಸಬೇಕು. ದಕವೆಂದರೆ ನೀರು, ಅರ್ಗಲವೆಂದರೆ ಅಗುಳಿ. ನೆಲದೊಳಗೆ ನೀರಿಗೆ ಹಾಕಿರುವ ಅಗುಳಿಯನ್ನು ತೆಗೆಯುವ ವಿದ್ಯೆ ಎಂದು ನಾವು ಅರ್ಥಮಾಡಿಕೊಳ್ಳಬಹುದು. ಮನುಷ್ಯನ ಮೈಯಲ್ಲಿ ನಾಳಗಳಿರುವಂತೆ ಭೂಮಿಯಲ್ಲಿ ಮೇಲೆ ಕೆಳಗೆ ಜಲಶಿರೆಗಳಿವೆ. ಎಂಟು ದಿಕ್ಕುಗಳ ಅಧಿಪತಿಗಳ ಹೆಸರಿನಲ್ಲಿ ಎಂಟು, ನಡುವೆ ಒಂಬತ್ತನೆಯದಾಗಿ ಮಹಾಶಿರೆ ಎಂದು ಗ್ರಂಥ ಹೇಳುತ್ತದೆ. ಈಗಿನವರು ‘ಶಕ್ತಿರೇಖೆ’ಗೆ ಆಧಾರವಾಗಿ ಹಿಡಿಯುವುದು ಇದನ್ನೇ. ಆದರೆ ಗ್ರಂಥ ಹೇಳುವುದು ಶಿರೆಗಳಲ್ಲಿ ಹರಿಯುವ ನೀರನ್ನು. ಬೇರೆ ಯಾವ ತೇಜಸ್ಸನ್ನೂ ಅಲ್ಲ. ಉದಾಹರಣೆಗೆ, ನೀರಿಲ್ಲದ ಪ್ರದೇಶದಲ್ಲಿ ನೇರಳೆಮರವಿದ್ದರೆ ಅದಕ್ಕೆ ಉತ್ತರಕ್ಕೆ ಮೂರು ಮೊಳದಲ್ಲಿ, ಎರಡು ಪುರುಷ ಆಳದಲ್ಲಿ, ಪೂರ್ವದಿಕ್ಕಿನ ಶಿರೆ ಸಿಗುತ್ತದೆ. ಕೈಯೆತ್ತಿ ನಿಂತ ಮನುಷ್ಯನ ಎತ್ತರ, ಎಂದರೆ 120 ಅಂಗುಲ, ಒಂದು ಪುರುಷ. ಅದೇ ಮರದ ಮೂಡಣಕ್ಕೆ ಹತ್ತಿರದಲ್ಲಿ ಹುತ್ತವಿದ್ದರೆ ಅಗೆಯುವ ಎಡೆ ಬದಲಾಗುತ್ತದೆ. ಹುತ್ತದ ಮಾತು ಬರಿಯ ನಂಬಿಕೆಯಲ್ಲ. ಗೆದ್ದಲಿಗೆ ತೇವ ಬೇಕು. ಅದು ಕೆಳಗಿನ ತೇವವನ್ನು ಅರಸಿ ಇಳಿಯುತ್ತದೆ. ತಿರುಪತಿಯ ಇ. ಎ. ವಿ. ಪ್ರಸಾದರು ಬೃಹತ್ಸಂಹಿತೆಯ ಅಂತರ್ಜಲವಿಚಾರವನ್ನು ಕುರಿತು 1980ರಲ್ಲಿ ಪ್ರಕಟಿಸಿದ ಗ್ರಂಥ ಈ ಲಕ್ಷಣಗಳನ್ನು ಭೂವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸಿದೆ.

ಪ್ರಾಚೀನರ ಪಕ್ಷವನ್ನು ಹಿಡಿಯುವ ಭರದಲ್ಲಿ ಗ್ರಂಥದ ಇನ್ನೊಂದು ಮುಖವನ್ನು ಮರೆಮಾಡಬಾರದು. ವರಾಹಮಿಹಿರ ಜ್ಯೋತಿಷಿ. ಅಗೆಯುವಾಗ ಇಂಥ ಆಳದಲ್ಲಿ ಕಪ್ಪೆ, ಇಂಥ ಆಳದಲ್ಲಿ ಹಾವು ಕಾಣುವುದೆಂದೂ ಅವನು ಹೇಳುತ್ತಾನೆ. ಊರಿನ ಆಗ್ನೇಯದಲ್ಲಿ ಬಾವಿ ಇದ್ದರೆ ಬೆಂಕಿಯ ಭಯ, ನೈರೃತ್ಯದಲ್ಲಿದ್ದರೆ ಮಕ್ಕಳಿಗೆ ಕೇಡು ಎಂಬ ದಿಕ್ಕಿನ ನಿಯಮವೂ ಅಲ್ಲಿದೆ. ಆದರೆ 125 ಶ್ಲೋಕಗಳ ಆ ಅಧ್ಯಾಯದಲ್ಲಿ ಅಂಥವು ಒಂದೆರಡು. ಉಳಿದ ಬಹುಭಾಗವೆಲ್ಲ ಮರ, ಹುತ್ತ, ಹುಲ್ಲು, ಮಣ್ಣಿನ ಬಣ್ಣ, ಬಂಡೆಯ ಗುಣ ಇವುಗಳ ವಿವರ. ಇಂದಿನ ವಾಸ್ತುಪುಸ್ತಕಗಳು ಆ ಬಹುಭಾಗವನ್ನು ಕೈಬಿಟ್ಟು ಅಲ್ಪಭಾಗವನ್ನು ಹಿಗ್ಗಿಸಿವೆ. ಮುಖ್ಯವಾದ ಭೇದ ಇನ್ನೊಂದಿದೆ. ಹಳೆಯ ಗ್ರಂಥದ ಮಾತು ಸರಿಯಿರಲಿ ತಪ್ಪಿರಲಿ, ಅದು ಅಗೆದು ನೋಡಬಹುದಾದ ಮಾತು. ನೀರು ಸಿಕ್ಕಿದರೆ ನಿಜ, ಸಿಗದಿದ್ದರೆ ಸುಳ್ಳು. ಶಕ್ತಿರೇಖೆಯನ್ನು ಕುರಿತ ಮಾತನ್ನು ಯಾವ ಗುದ್ದಲಿಯಿಂದ ಅಗೆಯುವುದು?

ವೃಕ್ಷಾಯುರ್ವೇದದಲ್ಲಿಯೂ ಇದೇ ಧೋರಣೆ ಕಾಣುತ್ತದೆ. ಮೆದುವಾದ ನೆಲದಲ್ಲಿ ಮೊದಲು ಎಳ್ಳು ಬಿತ್ತಿ, ಅದು ಹೂಬಿಟ್ಟಾಗ ಅಲ್ಲಿಯೇ ತುಳಿದು ಮಣ್ಣಿಗೆ ಸೇರಿಸಬೇಕು. ಇದೇ ನೆಲದ ಮೊದಲ ಸಂಸ್ಕಾರ. ನಾವು ಹಸಿರುಗೊಬ್ಬರವೆಂದು ಕರೆಯುವುದು ಇದನ್ನೇ. ಮರದಿಂದ ಮರಕ್ಕೆ 20 ಮೊಳ ಅಂತರ ಉತ್ತಮ, 16 ಮಧ್ಯಮ, 12 ಅಧಮ. ಹತ್ತಿರ ನೆಟ್ಟರೆ ಬೇರುಗಳು ಹೆಣೆದುಕೊಂಡು ಫಲ ಕುಂದುತ್ತದೆ. ಬೇವು, ಅಶೋಕ, ಪುನ್ನಾಗ, ಶಿರೀಷ, ಪ್ರಿಯಂಗುಗಳನ್ನು ಮಂಗಲವೆಂದು ಮೊದಲು ನೆಡಬೇಕೆಂಬ ಮಾತೂ ಇದೆ. ಮಂಗಲವೂ ಗೊಬ್ಬರವೂ ಒಂದೇ ಅಧ್ಯಾಯದಲ್ಲಿ ಜಗಳವಿಲ್ಲದೆ ಕೂಡಿಕೊಂಡಿವೆ.

ಇನ್ನು ಪಶ್ಚಿಮದ ಆಧಾರಗಳು. ಇಂಗ್ಲೆಂಡಿನ ಆಲ್ಫ್ರೆಡ್ ವಾಟ್ಕಿನ್ಸ್ 1925ರ ತನ್ನ ಪುಸ್ತಕದಲ್ಲಿ ಪ್ರಾಚೀನ ಕಲ್ಲುಗಳು, ದಿಬ್ಬಗಳು, ಗುಡಿಗಳು ಸರಳರೇಖೆಗಳಲ್ಲಿವೆಯೆಂದೂ ಅವು ಹಿಂದಿನವರು ನಡೆದಾಡಿದ ದಾರಿಗಳೆಂದೂ ವಾದಿಸಿದ. ಅವನಿಗೆ ಅವು ದಾರಿಗಳು ಮಾತ್ರ. 1969ರಲ್ಲಿ ಜಾನ್ ಮಿಷೆಲ್ ಅದೇ ರೇಖೆಗಳಿಗೆ ಭೂಶಕ್ತಿಯನ್ನು ಆರೋಪಿಸಿದ. ಜರ್ಮನಿಯಲ್ಲಿ ಫಾನ್ ಪೋಲ್ 1929ರಲ್ಲಿ ನೆಲದಡಿಯ ನೀರಿನ ಹರಿವುಗಳನ್ನು ಕಡ್ಡಿ ಹಿಡಿದು ಗುರುತಿಸಿ, ಅವುಗಳಿಂದ ಏಳುವ ಕಿರಣಗಳಿಂದ ರೋಗ ಬರುತ್ತದೆಂದ. ಎರಡು ಕಡೆಯಲ್ಲಿಯೂ ನಡೆದ ಪರಿವರ್ತನೆ ಒಂದೇ ಬಗೆಯದು: ಮೊದಲು ಕಾಲಿಗೆ ಸಿಗುವ ದಾರಿ ಅಥವಾ ಕೈಗೆ ಸಿಗುವ ನೀರು, ಬಳಿಕ ಯಾವುದಕ್ಕೂ ಸಿಗದ ಶಕ್ತಿ. 1987-88ರಲ್ಲಿ ಮ್ಯೂನಿಕ್ ನಗರದ ಬಳಿ ಕಡ್ಡಿ ಹಿಡಿಯುವವರಲ್ಲಿ ಆರಿಸಿದ 43 ಮಂದಿಯಿಂದ 843 ಪರೀಕ್ಷೆಗಳನ್ನು ಮಾಡಿಸಲಾಯಿತು. ನಡೆಸಿದವರು ಅದರಲ್ಲಿ ಕೆಲವರ ಗೆಲುವನ್ನು ಕಂಡರು. ಅಮೆರಿಕದ ವಿಜ್ಞಾನಿ ಎನ್‌ರೈಟ್ ಆ ಅಂಕಿಗಳನ್ನೇ ಮತ್ತೆ ಪರಿಶೀಲಿಸಿ, ಊಹೆಗಿಂತ ಹೆಚ್ಚಿನದೇನೂ ಅಲ್ಲಿಲ್ಲವೆಂದು 1999ರಲ್ಲಿ ತೋರಿಸಿದನು.

ಪೂರ್ವದೇಶಗಳ ವಿಚಾರವೂ ಈಗ ಹೇಳುವಂತಿಲ್ಲ. ಫೆಂಗ್ ಶೂಯಿ ಎಂದರೆ ಗಾಳಿ, ನೀರು ಎಂದೇ ಅರ್ಥ. ಲೋಕೋಪಕಾರ ಹುಟ್ಟಿದ ಹನ್ನೊಂದನೆಯ ಶತಮಾನದಲ್ಲಿಯೇ ಜಪಾನಿನಲ್ಲಿ ‘ಸಕುತೈಕಿ’ ಎಂಬ ಉದ್ಯಾನಗ್ರಂಥವೂ ಹುಟ್ಟಿತು. ತೋಟದ ತೊರೆ ಮೂಡಣದಿಂದ ಬಂದು ತೆಂಕಣಕ್ಕೆ ತಿರುಗಿ ಪಡುವಣಕ್ಕೆ ಹೋಗಬೇಕೆಂದು ಅದು ವಿಧಿಸುತ್ತದೆ. ಮೂಡಣದಲ್ಲಿ ನೀರೇ ಇಲ್ಲವಾದರೆ ಒಂಬತ್ತು ನೀರಹಬ್ಬೆಯ ಮರಗಳನ್ನು ನೆಡು ಎನ್ನುತ್ತದೆ. ದಿಕ್ಕಿನ ದೇವತೆಯ ಮೇಲಿನ ಶ್ರದ್ಧೆ ಅಲ್ಲಿ ಸ್ಪಷ್ಟ. ಆದರೂ ದೇವತೆಗೆ ಬದಲಾಗಿ ಕೊಡುವುದು ಮರವನ್ನು. ನಮ್ಮ ಬೀದರಿನ ನೌಬಾದದಲ್ಲಿ ಬಹಮನಿ ಕಾಲದವರು ಬಂಡೆಯೊಳಗೆ ಸುರಂಗ ಕೊರೆದು ನೀರನ್ನು ಇಳಿಜಾರಿನಲ್ಲಿ ತಂದರು. ನಾಲ್ಕು ಕಾಲುವೆಗಳ ಚಾರ್‌ಬಾಗ್ ಸ್ವರ್ಗದ ನದಿಗಳ ಪ್ರತಿಬಿಂಬವೆಂದು ಅವರ ಮತದವರು ನಂಬಿದ್ದರು. ಮತ ಯಾವುದಾದರೂ ತೋಟದ ಅಧ್ಯಾತ್ಮ ನೀರಿನಲ್ಲಿಯೇ ನಿಂತಿತ್ತು.

ನಮ್ಮಲ್ಲಿ ಪ್ರಚಾರಕ್ಕೆ ಬಂದಿರುವ ನಕ್ಷತ್ರವನಗಳನ್ನು ಈ ಬೆಳಕಿನಲ್ಲಿ ನೋಡಬೇಕು. 27 ನಕ್ಷತ್ರಗಳಿಗೆ 27 ಮರಗಳು, ರೋಹಿಣಿಗೆ ನೇರಳೆ. ದೇಶದ ಮರಗಳನ್ನು ನೆಡುವುದಕ್ಕೆ ಇದು ಒಳ್ಳೆಯ ನೆಪ, ಸಂದೇಹವಿಲ್ಲ. ಆದರೆ ನೇರಳೆಯನ್ನು ರೋಹಿಣಿಯ ಮರವೆಂದು ಮಾತ್ರ ಬಲ್ಲವನು ಅದನ್ನು ಎಲ್ಲಿ ಬೇಕಾದರೂ ನೆಡುತ್ತಾನೆ. ಅದನ್ನು ನೀರಿನ ಗುರುತೆಂದು ಬಲ್ಲವನು ನೆಲವನ್ನು ನೋಡಿ ನೆಡುತ್ತಾನೆ. ಎರಡು ಜ್ಞಾನಗಳೂ ನಮ್ಮ ಪರಂಪರೆಯಲ್ಲಿವೆ. ಒಂದನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಇದೆಲ್ಲ ಪುಸ್ತಕದ ಚರ್ಚೆಯಾಯಿತು. ನಮ್ಮವರು ಅನೇಕರು ವಾಸಿಸುವ ಅಮೀರ್‌ಪೇಟ್‌ಗೆ ಇದನ್ನು ಅನ್ವಯಿಸಿ ನೋಡೋಣ. ಅಲ್ಲಿ ‘ಮೈತ್ರಿವನಂ’ ಎಂಬ ಪ್ರಸಿದ್ಧ ಸ್ಥಳವಿದೆ. ಹೆಸರಿನಲ್ಲಿ ವನ; ಕಣ್ಣಿಗೆ ಕಾಣುವುದು ಗಣಕವಿದ್ಯೆ ಕಲಿಸುವ ಸಂಸ್ಥೆಗಳ ಫಲಕಗಳಿಂದ ತುಂಬಿದ ಕಟ್ಟಡಗಳು. 2017ರಲ್ಲಿ ಮೆಟ್ರೊ ರೈಲು ಬಂದ ಬಳಿಕ ಅಲ್ಲಿಯ ನೆಲದ ಬೆಲೆಯನ್ನು ಹೇಳಬೇಕಾದುದಿಲ್ಲ. ಕೆಳಗಿರುವುದು ಗ್ರ್ಯಾನೈಟ್ ಬಂಡೆ. ಮೇಲಿನ ಸಡಿಲವಾದ ಪದರದಲ್ಲಿಯೂ ಬಂಡೆಯ ಬಿರುಕುಗಳಲ್ಲಿಯೂ ಮಾತ್ರ ನೀರು ನಿಲ್ಲುತ್ತದೆ. ಮಳೆಯ ನೀರು ಆ ಬಿರುಕುಗಳಿಗೆ ಇಳಿಯಬೇಕಾದರೆ ತೆರೆದ ಮಣ್ಣು ಬೇಕು. ಅಂಗಳಕ್ಕೆ ಸಿಮೆಂಟು ಹಾಸಿ, ಈಶಾನ್ಯದ ಮೂಲೆಯಲ್ಲಿ ಒಂದು ಕೃತಕ ಕಾರಂಜಿಯನ್ನಿಟ್ಟು, ಕುಂಡದಲ್ಲಿ ಗಿಡವನ್ನಿರಿಸಿ, ಭೂಶಕ್ತಿಯೊಡನೆ ಸಾಮರಸ್ಯ ಸಾಧಿಸಿದೆವೆಂದು ತೃಪ್ತಿಪಡುವುದು ಎಷ್ಟು ಸರಿ? ಭೂಮಿಯ ಬಾಯಿಯನ್ನು ಮುಚ್ಚಿ ಅದರ ಮಾತನ್ನು ಕೇಳಿದೆವೆಂದು ಹೇಳಿದಂತಾಯಿತು. ಆಂಧ್ರಪ್ರದೇಶದ ಶಾಸನಸಭೆ 2002ರಲ್ಲಿ ಮಾಡಿದ ಕಾಯಿದೆಯ ಹೆಸರೇ ‘ನೀರು, ನೆಲ, ಮರ’ಗಳ ಕಾಯಿದೆ. ಈ ವಿಷಯದಲ್ಲಿ ಕಾಯಿದೆ ಬರೆದವರು ವಾಸ್ತುಪಂಡಿತರಿಗಿಂತ ವರಾಹಮಿಹಿರನಿಗೆ ಹತ್ತಿರವಾಗಿದ್ದಾರೆ.

ಅಮೀರ್‌ಪೇಟ್‌ಗೆ ಹೊಂದಿಕೊಂಡ ಬಲ್ಕಂಪೇಟ್‌ನಲ್ಲಿ ಎಲ್ಲಮ್ಮನ ಗುಡಿಯಿದೆ. ದೇವಿಯ ಮೂರ್ತಿ ನೆಲದ ಮಟ್ಟಕ್ಕಿಂತ ಕೆಳಗೆ, ಬಾವಿಯೊಳಗೆ ಮಲಗಿದ ಭಂಗಿಯಲ್ಲಿದೆ. ಅಲ್ಲಿ ಒಸರುವ ನೀರೇ ಭಕ್ತರಿಗೆ ತೀರ್ಥ. ಸವದತ್ತಿಯ ಎಲ್ಲಮ್ಮನನ್ನು ಬಲ್ಲ ನಮಗೆ ಇದು ಹೊಸದಲ್ಲ. ಅಲ್ಲಿಯೂ ಎಣ್ಣೆಹೊಂಡ, ಜೋಗುಳಬಾವಿಗಳನ್ನು ಬಿಟ್ಟು ದೇವಿಯ ದರ್ಶನವಿಲ್ಲ. ಆಷಾಢದ ಕಲ್ಯಾಣೋತ್ಸವಕ್ಕೆ ಬಲ್ಕಂಪೇಟ್‌ನಲ್ಲಿ ನೆರೆಯುವ ಜನ ಭೂಶಕ್ತಿಯೆಂಬ ಶಬ್ದವನ್ನು ಕೇಳಿರಲಾರರು. ಆದರೂ ಈ ನೆಲದ ಶಕ್ತಿ ಯಾವುದೆಂಬುದು ಅವರ ಪೂರ್ವಿಕರಿಗೆ ಗೊತ್ತಿತ್ತು: ಬಂಡೆಯ ನಡುವೆ ಬತ್ತದ ಒಂದು ಒರತೆ. ಅದನ್ನು ಅವರು ತಾಯಿ ಎಂದರು.

ಹಾಗಾದರೆ ಆಧ್ಯಾತ್ಮಿಕ ಸಾಮರಸ್ಯವೆಂಬುದಕ್ಕೆ ತೋಟದಲ್ಲಿ ಸ್ಥಾನವೇ ಇಲ್ಲವೆ ಎಂದು ಕೇಳಬಹುದು. ಇದೆ. ನಮ್ಮ ಧರ್ಮಶಾಸ್ತ್ರಗಳು ಬಾವಿ, ಕೆರೆ, ತೋಪುಗಳನ್ನು ಪೂರ್ತವೆಂಬ ಪುಣ್ಯಕರ್ಮದಲ್ಲಿ ಸೇರಿಸಿವೆ. ಪೂರ್ತದ ಫಲ ಮಾಡಿದವನಿಗೆ ಬರುವುದು, ಅದರ ನೆರಳೂ ನೀರೂ ಇತರರಿಗೆ ಸಂದಾಗ. ಈಗಿನ ಶಕ್ತಿವಾದ ತೋಟದ ಒಡೆಯನ ಆರೋಗ್ಯ, ಐಶ್ವರ್ಯಗಳನ್ನೇ ಮುಂದಿಡುತ್ತದೆ. ಹಳೆಯ ಪೂರ್ತಧರ್ಮ ದಾರಿಹೋಕನನ್ನು ಮುಂದಿಡುತ್ತದೆ. ಚಾವುಂಡರಾಯನು ತನ್ನ ಗ್ರಂಥಕ್ಕೆ ಲೋಕೋಪಕಾರವೆಂದು ಹೆಸರಿಟ್ಟದ್ದರ ಅರ್ಥವೂ ಇದೇ ಇರಬೇಕು. ಈ ನಗರದ ಕನ್ನಡಿಗರು ತಮ್ಮ ವಾಚನಗೋಷ್ಠಿಗಳಲ್ಲಿ ಆ ಗ್ರಂಥದ ಉದಕಾರ್ಗಲ, ವೃಕ್ಷಾಯುರ್ವೇದ ಭಾಗಗಳನ್ನು ಭೂವಿಜ್ಞಾನ ಬಲ್ಲವರನ್ನೂ ಸಸ್ಯಶಾಸ್ತ್ರ ಬಲ್ಲವರನ್ನೂ ಜೊತೆಗಿಟ್ಟುಕೊಂಡು ಓದಬೇಕು. ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದು ಆಗ ತಿಳಿಯುತ್ತದೆ. ಅಲ್ಲಿಯವರೆಗೆ, ಮನೆಯ ಮುಂದೆ ಎರಡು ಮೊಳ ಮಣ್ಣನ್ನಾದರೂ ಸಿಮೆಂಟಿಲ್ಲದೆ ಬಿಟ್ಟು ಒಂದು ಬೇವನ್ನು ನೆಟ್ಟವನು ಆ ಶಾಸ್ತ್ರದ ಮೊದಲ ಪಾಠವನ್ನು ಆಚರಿಸಿದಂತೆಯೇ ಸರಿ.